ತೆರಿಗೆಯನ್ನು ತಡೆದರು, ಬೇಲ್‌ಔಟ್ ಮುಂದೆ ಸೋತರು

1769ರ ಬೇಸಿಗೆಯಲ್ಲಿ ಹೈದರಾಲಿಯ ಸುದ್ದಿ ಲಂಡನ್ ತಲುಪಿತು. ಮೈಸೂರಿನ ಕುದುರೆಪಡೆ ಕರ್ನಾಟಿಕ್ ಸೀಮೆಯನ್ನು ಸೂರೆ ಮಾಡುತ್ತಿದೆ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಅದನ್ನು ತಡೆಯಲಾಗುತ್ತಿಲ್ಲ ಎಂಬ ಸಮಾಚಾರ ಹಡಗು ಹತ್ತಿ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಅಷ್ಟರೊಳಗೆ ಹೈದರ್ ಮದ್ರಾಸಿನ ಬಾಗಿಲಿಗೇ ಬಂದು, ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಹಿಂದಿರುಗಿಯೂ ಆಗಿತ್ತು. ಷೇರು ಕೊಂಡವರಿಗೆ ಹಳೆಯ ಸುದ್ದಿಯೇ ಸಾಕಾಯಿತು. ಕಂಪನಿಯ ಷೇರು ಬೆಲೆ ದಡದಡನೆ ಇಳಿಯಿತು.

ಅಮೆರಿಕದ ತೆರಿಗೆದಾರರ ಚಳವಳಿಯ ಕಥೆಯನ್ನು ಇಲ್ಲಿಂದ ಆರಂಭಿಸುವುದಕ್ಕೆ ಕಾರಣವಿದೆ. ಹೈದರನ ಪೆಟ್ಟಿನ ಬೆನ್ನಿಗೇ ಬಂಗಾಳದಲ್ಲಿ ಭೀಕರ ಬರ ಬಂತು. ಸೈನ್ಯದ ಖರ್ಚು ಏರುತ್ತಲೇ ಹೋಯಿತು. ಹೀಗಿದ್ದರೂ ಕಂಪನಿ ತನ್ನ ಷೇರುದಾರರಿಗೆ ಶೇ 12.5ರಷ್ಟು ಲಾಭಾಂಶ ಹಂಚುತ್ತಿತ್ತು. 1772ರ ಜೂನ್‌ನಲ್ಲಿ ಲಂಡನ್ನಿನ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಮುಚ್ಚಿದಾಗ ಕಂಪನಿಗೆ ಸಾಲ ಹುಟ್ಟುವುದೂ ನಿಂತಿತು. ಕೊನೆಗೆ ಅದು ಸರ್ಕಾರದ ಮುಂದೆ ಕೈಯೊಡ್ಡಿತು. 1773ರಲ್ಲಿ ಬ್ರಿಟಿಷ್ ಸಂಸತ್ತು 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಇಷ್ಟು ಸಾಲದೆಂಬಂತೆ, ಲಂಡನ್ನಿನ ಗೋದಾಮುಗಳಲ್ಲಿ ಕೊಳೆಯುತ್ತಿದ್ದ ಕೋಟಿಗೂ ಹೆಚ್ಚು ಪೌಂಡ್ ತೂಕದ ಚಹಾವನ್ನು ನೇರವಾಗಿ ಅಮೆರಿಕದ ವಸಾಹತುಗಳಿಗೆ ಸಾಗಿಸಿ ಮಾರಲು ಕಾನೂನನ್ನೂ ಮಾಡಿಕೊಟ್ಟಿತು. ಆ ಚಹಾ ಚೀನಾದ್ದು. ಅಸ್ಸಾಮಿನ ತೋಟಗಳು ಇನ್ನೂ ಹುಟ್ಟಿರಲಿಲ್ಲ.

ಮುಂದಿನದು ಶಾಲೆಯ ಪುಸ್ತಕದಲ್ಲಿದೆ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ತೆರಿಗೆ ಏರಿಸಿದ್ದಕ್ಕೆ ಹೀಗೆ ಮಾಡಿದರು ಎಂದು ನಾವೆಲ್ಲ ಓದಿಕೊಂಡೆವು. ಅದು ಅರ್ಧ ಸತ್ಯ. ಪೌಂಡಿಗೆ ಮೂರು ಪೆನ್ಸ್ ಸುಂಕ 1767ರಿಂದಲೇ ಇತ್ತು. 1773ರ ಕಾನೂನು ಅದಕ್ಕೆ ಒಂದು ಕಾಸನ್ನೂ ಸೇರಿಸಲಿಲ್ಲ. ಚಹಾ ಮೊದಲಿಗಿಂತ ಅಗ್ಗವೇ ಆಗಲಿತ್ತು. ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ತೆರಿಗೆ ಹಾಕುವುದು ಹಳೆಯ ಸಿಟ್ಟು. ಮುಳುಗುತ್ತಿರುವ ಒಂದು ಕಂಪನಿಯನ್ನು ಎತ್ತಿ ನಿಲ್ಲಿಸಲು ತಮ್ಮ ಮಾರುಕಟ್ಟೆಯನ್ನು ಅದಕ್ಕೆ ಬರೆದುಕೊಟ್ಟರು ಎಂಬುದು ಹೊಸ ಸಿಟ್ಟು. ಕಳ್ಳಸಾಗಣೆಯ ಚಹಾ ಮಾರುತ್ತಿದ್ದ ವರ್ತಕರಿಗೆ ಹೊಟ್ಟೆಪಾಡಿನ ಸಿಟ್ಟೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಅಂತೂ ಅಮೆರಿಕದ ಅತ್ಯಂತ ಪ್ರಸಿದ್ಧ ತೆರಿಗೆ ಪ್ರತಿಭಟನೆಯ ಹಿಂದೆ ಇದ್ದದ್ದು ಒಂದು ಬೇಲ್‌ಔಟ್, ಅಂದರೆ ಮುಳುಗುವ ಕಂಪನಿಗೆ ಸರ್ಕಾರ ಕೊಡುವ ಆಸರೆ.

ಆ ದೇಶದಲ್ಲಿ ತೆರಿಗೆದಾರರ ಪರವಾಗಿ ದನಿ ಎತ್ತುವವರು ಮೂರು ವಿಷಯಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ: ತೆರಿಗೆ ಏರಿಸಬೇಡಿ, ದುಂದು ಮಾಡಬೇಡಿ, ನಷ್ಟ ಮಾಡಿಕೊಂಡ ಕಂಪನಿಗಳನ್ನು ನಮ್ಮ ದುಡ್ಡಿನಲ್ಲಿ ಉಳಿಸಬೇಡಿ. ಕಳೆದ ಐವತ್ತು ವರ್ಷಗಳ ದಾಖಲೆ ನೋಡಿದರೆ ಮೊದಲನೆಯದರಲ್ಲಿ ಅವರು ಮತ್ತೆ ಮತ್ತೆ ಗೆದ್ದಿದ್ದಾರೆ, ಎರಡನೆಯದರಲ್ಲಿ ಸದ್ದು ಮಾಡಿದ್ದಾರೆ, ಮೂರನೆಯದರಲ್ಲಿ ಬಹುತೇಕ ಸೋತಿದ್ದಾರೆ.

ರಾಷ್ಟ್ರಮಟ್ಟದ ಸಂಘಟನೆಗಳಲ್ಲಿ ಹಳೆಯದಾದ ನ್ಯಾಷನಲ್ ಟ್ಯಾಕ್ಸ್‌ಪೇಯರ್ಸ್ ಯೂನಿಯನ್ ಹುಟ್ಟಿದ್ದು 1969ರಲ್ಲಿ. ಎರಡೇ ವರ್ಷಕ್ಕೆ ವಾಷಿಂಗ್ಟನ್ನಿನಲ್ಲಿ ಒಂದು ದೊಡ್ಡ ಬೇಲ್‌ಔಟ್ ಪ್ರಶ್ನೆ ಎದ್ದಿತು. ವಿಮಾನ ತಯಾರಿಸುವ ಲಾಕ್‌ಹೀಡ್ ದಿವಾಳಿಯ ಅಂಚಿಗೆ ಬಂದಿತ್ತು. ಅದರ ಹೊಸ ವಿಮಾನಕ್ಕೆ ಎಂಜಿನ್ ಕೊಡಬೇಕಿದ್ದ ರೋಲ್ಸ್-ರಾಯ್ಸ್ ಅದಾಗಲೇ ದಿವಾಳಿಯಾಗಿತ್ತು. 25 ಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲಬೇಕೇ ಎಂಬುದು ಪ್ರಶ್ನೆ. ಸೆನೆಟ್‌ನಲ್ಲಿ 49ಕ್ಕೆ 48 ಮತಗಳಿಂದ ಮಸೂದೆ ಗೆದ್ದಿತು. ಒಂದೇ ಒಂದು ಮತ. ಕೆಲವೇ ವರ್ಷಗಳಲ್ಲಿ, ಅದೇ ಲಾಕ್‌ಹೀಡ್ ವಿಮಾನ ಮಾರಲು ವಿದೇಶಿ ಗಣ್ಯರಿಗೆ ಲಂಚ ಕೊಟ್ಟಿದ್ದು ಬಯಲಾಗಿ, ಜಪಾನಿನ ಮಾಜಿ ಪ್ರಧಾನಿ ತನಾಕಾ ಬಂಧನಕ್ಕೊಳಗಾದರು.

ಈ ಮಸೂದೆಯ ವಿರುದ್ಧ ಹಟ ಹಿಡಿದು ನಿಂತವರು ವಿಸ್ಕಾನ್ಸಿನ್‌ನ ಡೆಮಾಕ್ರಟಿಕ್ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್. ಜಿಪುಣತನವನ್ನು ರಾಜಕೀಯ ಗುಣವನ್ನಾಗಿಸಿದ ಮನುಷ್ಯ. 1976 ಮತ್ತು 1982ರ ಚುನಾವಣೆಗಳಲ್ಲಿ ಅವರು ಮಾಡಿದ ಖರ್ಚು ತಲಾ 200 ಡಾಲರನ್ನೂ ಮುಟ್ಟಲಿಲ್ಲ. ಅದರಲ್ಲೂ ಹೆಚ್ಚಿನದು ದೇಣಿಗೆ ಕಳುಹಿಸಿದವರಿಗೆ ಹಣ ಹಿಂದಿರುಗಿಸುವ ಅಂಚೆ ವೆಚ್ಚ. 1975ರಿಂದ ಅವರು ಪ್ರತಿ ತಿಂಗಳು ಸರ್ಕಾರದ ಒಂದು ದುಂದುವೆಚ್ಚಕ್ಕೆ ‘ಗೋಲ್ಡನ್ ಫ್ಲೀಸ್’ ಎಂಬ ಅಣಕು ಪ್ರಶಸ್ತಿ ಕೊಡತೊಡಗಿದರು. ಕುರಿಯ ತುಪ್ಪಟಕ್ಕೂ ಟೋಪಿ ಹಾಕುವುದಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಪದ. ನಾವಾದರೆ ‘ತಲೆ ಬೋಳಿಸುವುದು’ ಎನ್ನುತ್ತೇವೆ. ಮೊದಲ ಪ್ರಶಸ್ತಿ ಹೋದದ್ದು ಜನ ಪ್ರೇಮದಲ್ಲಿ ಬೀಳುವುದೇಕೆ ಎಂಬ ಸಂಶೋಧನೆಗೆ 84,000 ಡಾಲರ್ ಕೊಟ್ಟ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ. ಪತ್ರಿಕೆಗಳಿಗೆ ಹಬ್ಬ.

ಆದರೆ ಇಲ್ಲೊಂದು ಐಬಿದೆ. ಕೋತಿಗಳು ಸಿಟ್ಟಾದಾಗ ದವಡೆ ಬಿಗಿಯುವುದನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿಯೊಬ್ಬರು ಈ ಪ್ರಶಸ್ತಿಯ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿದರು. ಸದನದೊಳಗಿನ ಮಾತಿಗಿರುವ ರಕ್ಷಣೆ ಸುದ್ದಿಪತ್ರಕ್ಕೂ ಪತ್ರಿಕಾ ಹೇಳಿಕೆಗೂ ಸಿಗದು ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಾಕ್ಸ್‌ಮೈರ್ 10,000 ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು. ಹೆಸರು ಕೇಳಿದರೆ ನಗು ಬರುವ ಸಂಶೋಧನೆಗೆಲ್ಲ ದುಂದು ಎನ್ನುವುದು ಸುಲಭ. ತಮ್ಮ ರಾಜ್ಯದ ಹಾಲು ಉತ್ಪಾದಕರಿಗೆ ಸಿಗುತ್ತಿದ್ದ ಬೆಂಬಲ ಬೆಲೆಯ ವಿಷಯ ಬಂದರೆ ಪ್ರಾಕ್ಸ್‌ಮೈರ್ ಅವರ ಜಿಪುಣತನವೂ ಸಡಿಲವಾಗುತ್ತಿತ್ತು. ದುಂದು ಯಾವಾಗಲೂ ಪಕ್ಕದ ಊರಿನಲ್ಲೇ ಇರುತ್ತದೆ. ಕಾರು ತಯಾರಕ ಕ್ರೈಸ್ಲರ್ 1979ರಲ್ಲಿ ಕೈಚಾಚಿದಾಗಲೂ ಅವರು ವಿರೋಧಿಸಿದರು, ಮತ್ತೆ ಸೋತರು. 150 ಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಂತಿತು. ಕಂಪನಿ 1983ರಲ್ಲೇ, ಅವಧಿಗೆ ಏಳು ವರ್ಷ ಮೊದಲು ಸಾಲ ತೀರಿಸಿತು. ಸರ್ಕಾರಕ್ಕೆ ಲಾಭವೂ ಆಯಿತು. ಅಂದಿನಿಂದ ಬೇಲ್‌ಔಟ್ ಪರ ವಾದಿಸುವವರ ಬಾಯಲ್ಲಿ ಕ್ರೈಸ್ಲರ್‌ನದೇ ಜಪ.

ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಬೇರೆಯೇ. 1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಗಗನಕ್ಕೇರಿತು, ಆಸ್ತಿ ತೆರಿಗೆ ಬೆಲೆಯ ಬೆನ್ನು ಹತ್ತಿತು. ಪಿಂಚಣಿಯಲ್ಲಿ ಬದುಕುವ ವೃದ್ಧರಿಗೆ ಮನೆಯ ಬೆಲೆ ಏರಿದ್ದರಿಂದ ಕೈಗೆ ಬಂದದ್ದೇನೂ ಇಲ್ಲ, ಬಿಲ್ಲು ಮಾತ್ರ ವರ್ಷ ವರ್ಷ ಬೆಳೆಯಿತು. ರಾಜ್ಯದ ಖಜಾನೆಯಲ್ಲಿ ನೂರಾರು ಕೋಟಿ ಡಾಲರ್ ಮಿಗುತಾಯ ಬಿದ್ದಿತ್ತು, ಆದರೂ ಯಾರೂ ಬಿಲ್ಲು ಇಳಿಸಲಿಲ್ಲ. ಹೊವಾರ್ಡ್ ಜಾರ್ವಿಸ್ ಎಂಬ ನಿವೃತ್ತ ಉದ್ಯಮಿ ಪಾಲ್ ಗ್ಯಾನ್ ಜೊತೆಗೂಡಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ, ವಿಷಯವನ್ನು ನೇರವಾಗಿ ಮತಪೆಟ್ಟಿಗೆಗೆ ಒಯ್ದರು. ಅದೇ ಪ್ರಪೋಸಿಷನ್ 13. ತೆರಿಗೆ ಆಸ್ತಿ ಮೌಲ್ಯದ ಶೇ 1ನ್ನು ಮೀರುವಂತಿಲ್ಲ. ಮನೆ ಮಾರಾಟವಾಗುವ ತನಕ ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ರಾಜ್ಯ ಹೊಸ ತೆರಿಗೆ ಹಾಕಲು ಶಾಸನಸಭೆಯಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. 1978ರ ಜೂನ್ 6ರಂದು ಸುಮಾರು ಶೇ 65ರಷ್ಟು ಮತದಾರರು ಹೌದೆಂದರು. ಅದನ್ನು ವಿರೋಧಿಸಿದ್ದ ಗವರ್ನರ್ ಜೆರ್ರಿ ಬ್ರೌನ್ ಫಲಿತಾಂಶ ಬಂದ ಮೇಲೆ ಅದರ ಭಕ್ತರಂತೆ ಮಾತನಾಡತೊಡಗಿದರು.

ಇಂದು ಸಿಲಿಕಾನ್ ವ್ಯಾಲಿಯಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆ ಈ ಕಾನೂನಿನ ಪರಿಚಯ ಮೊದಲ ತೆರಿಗೆ ಬಿಲ್ಲಿನಲ್ಲೇ ಆಗುತ್ತದೆ. ಬೇಲಿಯಾಚೆಯ ಅಂಥದ್ದೇ ಮನೆಯಲ್ಲಿ ನಲವತ್ತು ವರ್ಷದಿಂದ ಇರುವವರು ಕಟ್ಟುವುದರ ಹಲವು ಪಟ್ಟನ್ನು ಇವರು ಕಟ್ಟಬೇಕು. ಹೂಡಿಕೆದಾರ ವಾರನ್ ಬಫೆಟ್ 2003ರಲ್ಲಿ ತಮ್ಮದೇ ಲೆಕ್ಕ ಬಿಚ್ಚಿಟ್ಟರು: ಓಮಾಹಾದ 5 ಲಕ್ಷ ಡಾಲರ್ ಮನೆಗೆ 14,401 ಡಾಲರ್ ತೆರಿಗೆ, ಕ್ಯಾಲಿಫೋರ್ನಿಯಾದ 40 ಲಕ್ಷ ಡಾಲರ್ ಮನೆಗೆ 2,264 ಡಾಲರ್. ಆದರೂ ಕಾನೂನನ್ನು ಅಲುಗಾಡಿಸುವುದು ಸುಲಭವಾಗಲಿಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳನ್ನಾದರೂ ಅದರಿಂದ ಹೊರಗಿಡೋಣ ಎಂಬ ಪ್ರಸ್ತಾವವನ್ನು 2020ರಲ್ಲಿ ಮತದಾರರು ತಿರಸ್ಕರಿಸಿದರು.

ಜಾರ್ವಿಸ್ ಗೆಲುವನ್ನು ರಾಜಕಾರಣಿಗಳು ಓದಿಕೊಂಡರು. ರೇಗನ್ ಅಧ್ಯಕ್ಷರಾದರು. ದುಂದುವೆಚ್ಚ ಹುಡುಕಲು ಅವರು ನೇಮಿಸಿದ, ಉದ್ಯಮಿ ಪೀಟರ್ ಗ್ರೇಸ್ ನೇತೃತ್ವದ ಆಯೋಗ 2,478 ಶಿಫಾರಸು ಮಾಡಿ ಮೂರು ವರ್ಷದಲ್ಲಿ 42,400 ಕೋಟಿ ಡಾಲರ್ ಉಳಿಸಬಹುದು ಎಂದಿತು. ಸರ್ಕಾರದ ಲೆಕ್ಕಪರಿಶೋಧಕರು ಅಷ್ಟು ಉಳಿಯದು ಎಂದರು. 1986ರಲ್ಲಿ ತೆರಿಗೆ ವಿರೋಧಿ ಹೋರಾಟಗಾರ ಗ್ರೋವರ್ ನಾರ್ಕ್ವಿಸ್ಟ್, ತೆರಿಗೆ ಏರಿಸುವುದಿಲ್ಲ ಎಂಬ ಪ್ರತಿಜ್ಞಾಪತ್ರಕ್ಕೆ ಅಭ್ಯರ್ಥಿಗಳಿಂದ ಸಹಿ ಹಾಕಿಸಿಕೊಳ್ಳತೊಡಗಿದರು. ಹೊಸ ತೆರಿಗೆ ಇಲ್ಲ ಎಂದು 1988ರಲ್ಲಿ ಮಾತು ಕೊಟ್ಟು 1990ರಲ್ಲಿ ಮುರಿದ ಹಿರಿಯ ಬುಷ್ 1992ರಲ್ಲಿ ಸೋತ ಮೇಲೆ, ರಿಪಬ್ಲಿಕನ್ನರಿಗೆ ಆ ಸಹಿ ಒಂದು ಹರಕೆಯಂತಾಯಿತು.

ತೆರಿಗೆಯ ಬಿಲ್ಲು ಮನೆಗೆ ಬರುತ್ತದೆ, ಅದರ ಮೇಲೆ ಹೆಸರಿರುತ್ತದೆ, ಕಟ್ಟಲು ಗಡುವಿರುತ್ತದೆ. ಬೇಲ್‌ಔಟ್‌ಗೆ ಇದ್ಯಾವುದೂ ಇಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ‘ಯಾರದೋ’ ತಾನೇ ಎಂದು ಗೊತ್ತಾಗುವಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಮಾತ್ರ ಜನರಿಗೆ ಅದು ಸಕಾಲದಲ್ಲೇ ಗೊತ್ತಾಯಿತು.

ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ಮುಳುಗಿದ ವಾರವೇ ಹಣಕಾಸು ಸಚಿವ ಹೆನ್ರಿ ಪಾಲ್ಸನ್ ಮೂರು ಪುಟದ ಪ್ರಸ್ತಾವ ಮುಂದಿಟ್ಟರು. ಬ್ಯಾಂಕುಗಳ ಕೆಟ್ಟ ಸಾಲಪತ್ರಗಳನ್ನು ಕೊಳ್ಳಲು 70,000 ಕೋಟಿ ಡಾಲರ್ ಬೇಕು. ಸಚಿವರ ತೀರ್ಮಾನವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಸಂಸದರ ಕಚೇರಿಗಳಿಗೆ ದೂರವಾಣಿ ಕರೆಗಳು ಮುಗಿಬಿದ್ದವು. ಎಡಪಂಥೀಯರು, ಬಲಪಂಥೀಯರು ಇಬ್ಬರೂ ಬೇಡವೆಂದರು. ಸೆಪ್ಟೆಂಬರ್ 29ರಂದು ಕೆಳಮನೆ 228–205 ಮತಗಳಿಂದ ಮಸೂದೆಯನ್ನು ಬೀಳಿಸಿತು. ತೆರಿಗೆದಾರರು ಬೇಲ್‌ಔಟ್ ಒಂದನ್ನು ನಿಜಕ್ಕೂ ತಡೆದದ್ದು ಆಗಲೇ, ಮತ್ತು ಆ ಗೆಲುವಿನ ಆಯುಷ್ಯ ನಾಲ್ಕು ದಿನ. ಅಂದೇ ಡೌ ಜೋನ್ಸ್ ಷೇರು ಸೂಚ್ಯಂಕ 777 ಅಂಶ ಬಿತ್ತು. ಬಿದ್ದದ್ದು ಬ್ಯಾಂಕುಗಳವರ ಹಣ ಮಾತ್ರವಲ್ಲ, ಕರೆ ಮಾಡಿದವರ ನಿವೃತ್ತಿ ಉಳಿತಾಯವೂ ಹೌದು. ಮಸೂದೆ ದಪ್ಪವಾಗಿ ಮರಳಿತು, ಒಳಗೆ ಅನೇಕರಿಗೆ ಸಿಹಿ ಹಂಚಿಕೆಯಿತ್ತು: ಮಕ್ಕಳ ಆಟದ ಮರದ ಬಾಣಗಳಿಗೆ ಸುಂಕ ವಿನಾಯಿತಿ, ಪೋರ್ಟೊರಿಕೊದ ರಮ್‌ಗೆ ಸಂಬಂಧಿಸಿದ ತೆರಿಗೆ ಸವಲತ್ತು. ಬೇಲ್‌ಔಟನ್ನು ದುಂದುವೆಚ್ಚದ ಗಾಡಿಯಲ್ಲಿ ಕೂರಿಸಿ ತಂದಂತಾಯಿತು. ಅಕ್ಟೋಬರ್ 3ರಂದು 263–171 ಮತಗಳಿಂದ ಅದು ಪಾಸಾಯಿತು.

ಮುಂದಿನ ಫೆಬ್ರವರಿಯಲ್ಲಿ ಷಿಕಾಗೋದ ವಹಿವಾಟು ಕಟ್ಟೆಯಲ್ಲಿ ನಿಂತು ಟಿವಿ ವರದಿಗಾರ ರಿಕ್ ಸ್ಯಾಂಟೆಲಿ ಕೂಗಾಡಿ, ಹೊಸ ‘ಟೀ ಪಾರ್ಟಿ’ಗೆ ಕರೆ ಕೊಟ್ಟರು. ಒಂದು ವಿಚಿತ್ರವನ್ನು ಗಮನಿಸಬೇಕು. ಅಂದು ಅವರನ್ನು ಕೆರಳಿಸಿದ್ದು ಬ್ಯಾಂಕುಗಳಿಗೆ ಹೋದ ಹಣವಲ್ಲ, ಗೃಹಸಾಲದ ಕಂತು ಕಟ್ಟಲಾಗದ ಸಾಮಾನ್ಯರಿಗೆ ನೆರವು ಕೊಡುವ ಒಬಾಮ ಯೋಜನೆ. 1773ರ ಹೆಸರನ್ನು ಎರವಲು ಪಡೆದವರು, ಅಂದಿನ ಸಿಟ್ಟು ಒಂದು ದೊಡ್ಡ ಕಂಪನಿಯ ಮೇಲಿತ್ತು ಎಂಬುದನ್ನು ಬಿಟ್ಟುಬಿಟ್ಟರು. ಚಳವಳಿಯಲ್ಲಿದ್ದ ಎಲ್ಲರೂ ಹಾಗಿರಲಿಲ್ಲ. 2010ರಲ್ಲಿ ಯೂಟಾದ ಪಕ್ಷದ ಸಮಾವೇಶದಲ್ಲಿ ಹಿರಿಯ ಸೆನೆಟರ್ ಬಾಬ್ ಬೆನೆಟ್ ಅವರಿಗೆ ಟಿಕೆಟ್ ತಪ್ಪಿಸಿದವರು ಬ್ಯಾಂಕ್ ನೆರವಿನ ಆ ಯೋಜನೆಯ ಹೆಸರನ್ನೇ, ‘ಟಾರ್ಪ್, ಟಾರ್ಪ್’ ಎಂದು ಘೋಷಣೆ ಕೂಗಿದರು.

ಆ 70,000 ಕೋಟಿಯಲ್ಲಿ ನಿಜವಾಗಿ ಕೊಟ್ಟದ್ದು ಸುಮಾರು 44,300 ಕೋಟಿ. ಸರ್ಕಾರಕ್ಕೆ ಕೊನೆಗೆ ಉಳಿದ ಹೊರೆ ಸುಮಾರು 3,100 ಕೋಟಿ ಎಂಬುದು ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕ. ಬ್ಯಾಂಕುಗಳಿಗೆ ಕೊಟ್ಟದ್ದರಲ್ಲಿ ಲಾಭವೇ ಬಂತು. ಪರವಾದಿಗಳು ಇಲ್ಲಿಗೆ ಮಾತು ಮುಗಿಸುತ್ತಾರೆ. ವಿರೋಧಿಗಳು ಕೇಳುವುದು ಬೇರೆ: ಬಿದ್ದರೆ ಹಿಡಿಯುತ್ತಾರೆಂದು ಗೊತ್ತಿರುವವನು ಎಷ್ಟು ಎತ್ತರ ಹತ್ತುತ್ತಾನೆ? ಈ ಪ್ರಶ್ನೆ ನನಗೆ ಲಾಭ–ನಷ್ಟದ ಪಟ್ಟಿಗಿಂತ ತೂಕದ್ದೆನಿಸುತ್ತದೆ. ಆದರೆ ಬ್ಯಾಂಕುಗಳನ್ನು ಬೀಳಲು ಬಿಟ್ಟಿದ್ದರೆ ಸಂಬಳ ನಿಲ್ಲುತ್ತಿದ್ದವರಿಗೆ ಏನು ಹೇಳುತ್ತೀರಿ ಎಂದರೆ ಈ ವಿರೋಧಿಗಳಲ್ಲಿ ಹೆಚ್ಚಿನವರಿಗೂ ಉತ್ತರವಿಲ್ಲ.

ಹಣಕಾಸು ಸಂಸ್ಥೆಗಳನ್ನು ನಿಯಂತ್ರಿಸುವ 2010ರ ಡಾಡ್-ಫ್ರಾಂಕ್ ಕಾನೂನು ಇನ್ನು ಮುಂದೆ ತೆರಿಗೆದಾರರ ಹಣದಿಂದ ಬೇಲ್‌ಔಟ್ ಇಲ್ಲ ಎಂದು ಬರೆದುಕೊಂಡಿತು. 2023ರ ಮಾರ್ಚ್ 10, ಶುಕ್ರವಾರ, ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತು. ವಿಮೆಯಿದ್ದದ್ದು ಠೇವಣಿದಾರರೊಬ್ಬರಿಗೆ 2.5 ಲಕ್ಷ ಡಾಲರ್ ವರೆಗೆ ಮಾತ್ರ. ಠೇವಣಿಯ ಬಹುಪಾಲು ಆ ಮಿತಿಯಿಂದಾಚೆಗಿತ್ತು. ಅಲ್ಲಿ ಹಣ ಇಟ್ಟಿದ್ದ ಸ್ಟಾರ್ಟ್‌ಅಪ್‌ಗಳಲ್ಲಿ ಭಾರತದವೂ, ಬೆಂಗಳೂರಿನವೂ ಇದ್ದವು. ತಿಂಗಳ ಸಂಬಳ ಹೇಗೆ ಕೊಡುವುದೆಂಬ ಚಿಂತೆಯಲ್ಲಿ ಶನಿವಾರ, ಭಾನುವಾರ ಕಳೆದವು. ಭಾನುವಾರ ಸಂಜೆ ವಾಷಿಂಗ್ಟನ್ ಪ್ರಕಟಣೆ ಹೊರಡಿಸಿತು: ಮಿತಿಯ ಮಾತಿಲ್ಲ, ಎಲ್ಲ ಠೇವಣಿದಾರರಿಗೂ ಪೂರ್ತಿ ಹಣ. ತೆರಿಗೆದಾರರ ಹಣ ಇದರಲ್ಲಿಲ್ಲ, ನಷ್ಟವನ್ನು ಇತರ ಬ್ಯಾಂಕುಗಳಿಂದ ವಸೂಲಿ ಮಾಡುತ್ತೇವೆ ಎಂದು ಸರ್ಕಾರ ಹೇಳಿತು. ಬ್ಯಾಂಕುಗಳು ಅದನ್ನು ಯಾರಿಂದ ವಸೂಲಿ ಮಾಡುತ್ತವೆ ಎಂದು ವಿರೋಧಿಗಳು ಕೇಳಿದರು. 2008ರಲ್ಲಿ ಸಂಸದರಿಗೆ ಫೋನ್ ಮಾಡಲು ಜನರಿಗೆ ಎರಡು ವಾರ ಸಿಕ್ಕಿತ್ತು. ಈ ಬಾರಿ ಸಂಸತ್ತಿನಲ್ಲಿ ಮತದಾನವೇ ನಡೆಯಲಿಲ್ಲ.