ಟ್ರೇಲರ್ ಯಾಕೆ ಓಲಾಡುತ್ತದೆ, ಹಿಚ್ ಎಷ್ಟು ತಡೆಯಬಲ್ಲದು

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಲಾರಮಿಯಿಂದ ರಾಲಿನ್ಸ್ ಕಡೆಗೆ ಹೋಗುವ ಐ-80 ಹೆದ್ದಾರಿ ಗಾಳಿಗೆ ಹೆಸರುವಾಸಿ. ಗಾಳಿ ತೀರಾ ಜೋರಾದ ದಿನ ಅಲ್ಲಿ ಎತ್ತರವಾಗಿದ್ದೂ ಹಗುರವಾಗಿರುವ ಗಾಡಿಗಳಿಗೆ ಮಾತ್ರ ರಸ್ತೆ ಬಂದ್ ಮಾಡುತ್ತಾರೆ. ಕಾರು ಹೋಗಬಹುದು, ಸರಕು ತುಂಬಿದ ಲಾರಿಯೂ ಹೋಗಬಹುದು. ಕಾರಿನ ಹಿಂದೆ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ಬಂದವರು ಮಾತ್ರ ಗಾಳಿ ಇಳಿಯುವವರೆಗೆ ಕಾಯಬೇಕು.

ಟ್ರಾವೆಲ್ ಟ್ರೇಲರ್ ಅಂದರೆ ಚಕ್ರದ ಮೇಲೆ ಕೂತ ಪುಟ್ಟ ಮನೆ. ಒಲೆ, ಹಾಸಿಗೆ, ಬಚ್ಚಲು, ನೀರಿನ ಟ್ಯಾಂಕ್ ಎಲ್ಲ ಒಳಗೇ ಇರುತ್ತವೆ. ಬೇಸಿಗೆ ರಜೆಯಲ್ಲಿ ಯೆಲ್ಲೋಸ್ಟೋನ್ ಕಡೆಗೋ ಯೂಟಾದ ಕೆಂಪು ಬಂಡೆಗಳ ಕಡೆಗೋ ಹೊರಡುವ ಅಮೆರಿಕದ ಕುಟುಂಬಗಳಿಗೆ ಇದು ಅಚ್ಚುಮೆಚ್ಚು. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಇದನ್ನು ಇಷ್ಟಪಡುವವರಿದ್ದಾರೆ. ಕೊಳ್ಳಲು ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾವ ಸ್ವೇ ಕಂಟ್ರೋಲ್, ಅಂದರೆ ಓಲಾಟ ತಡೆಯುವ ಸಾಧನ, ಒಳ್ಳೆಯದು? ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಟ್ರೇಲರ್‌ನಲ್ಲಿ ತೂಕ ಎಲ್ಲಿ ಕೂತಿದೆ ಅನ್ನೋದು ಮೊದಲನೆಯದು. ಎಳೆಯುವ ಗಾಡಿಗೆ ಆ ತೂಕ ಹೊರುವ ಶಕ್ತಿ ಇದೆಯಾ ಅನ್ನೋದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಗದೆ ಎಷ್ಟೇ ದುಬಾರಿ ಹಿಚ್ (ಕಾರಿಗೆ ಟ್ರೇಲರ್ ಕಟ್ಟುವ ಜೋಡಣೆ) ತಂದರೂ ಅಪಾಯ ಹೋಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಈ ಓಲಾಟ ಹುಟ್ಟುವುದು ಹೇಗೆ ಅಂತ ನೋಡಬೇಕು.

ಕಾರಿಗೂ ಟ್ರೇಲರ್‌ಗೂ ನಡುವೆ ಇರುವುದು ಒಂದು ಉಕ್ಕಿನ ಗುಂಡು. ಅದರ ಮೇಲೆ ಟ್ರೇಲರ್ ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗುತ್ತದೆ. ತಿರುಗದಿದ್ದರೆ ತಿರುವಿನಲ್ಲಿ ಹೋಗಲಿಕ್ಕೇ ಆಗದು. ಈಗ ಒಂದು ದೊಡ್ಡ ಲಾರಿ ಪಕ್ಕದಲ್ಲಿ ದಾಟಿಹೋಯಿತು ಅನ್ನಿ. ಅದರ ಮುಂದಿನ ಗಾಳಿ ಟ್ರೇಲರ್‌ನ್ನು ಮೊದಲು ಆಚೆ ತಳ್ಳುತ್ತದೆ, ಆಮೇಲೆ ಲಾರಿಯ ಕಡೆಗೆ ಸೆಳೆಯುತ್ತದೆ. ಟ್ರೇಲರ್‌ನ ಬಾಲ ಪಕ್ಕಕ್ಕೆ ಹೋಗುತ್ತದೆ. ಟೈರುಗಳು ಅದನ್ನು ನೇರಕ್ಕೆ ಎಳೆಯುತ್ತವೆ. ಅದು ನೇರಕ್ಕೆ ಬಂದು ನಿಲ್ಲದೆ ಇನ್ನೊಂದು ಬದಿಗೆ ದಾಟುತ್ತದೆ. ಮತ್ತೆ ಎಳೆತ, ಮತ್ತೆ ದಾಟುವಿಕೆ. ನಿಧಾನವಾಗಿ ಹೋಗುವಾಗ ಈ ಓಲಾಟ ಒಂದೆರಡು ಬೀಸಿನಲ್ಲಿ ತಾನೇ ಸಾಯುತ್ತದೆ.

ವೇಗ ಹೆಚ್ಚಿದರೆ ಯಾಕೆ ಸಾಯುವುದಿಲ್ಲ? ಟೈರ್ ಪಕ್ಕದ ಚಲನೆಯನ್ನು ತಡೆಯುವುದು ಒಂದು ಸಣ್ಣ ಕೋನದ ಬಲದಿಂದ. ಟೈರ್ ಮುಖ ಮಾಡಿರುವ ದಿಕ್ಕು ಒಂದು, ಅದು ನಿಜವಾಗಿ ಸಾಗುತ್ತಿರುವ ದಿಕ್ಕು ಇನ್ನೊಂದು. ಈ ಎರಡರ ನಡುವಿನ ಕೋನ ದೊಡ್ಡದಾದಷ್ಟೂ ತಡೆ ಜಾಸ್ತಿ. ಟ್ರೇಲರ್‌ನ ಚಕ್ರಗಳು ಓಲಾಟದಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಪಕ್ಕಕ್ಕೆ ಸರಿಯುತ್ತಿವೆ ಎಂದುಕೊಳ್ಳಿ. ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಆ ಸರಿತದಿಂದ ಹುಟ್ಟುವ ಕೋನ ಸುಮಾರು 4 ಡಿಗ್ರಿ. 100 ಕಿ.ಮೀ. ವೇಗದಲ್ಲಿ ಅದು 2 ಡಿಗ್ರಿ. ಅಂದರೆ ವೇಗ ಇಮ್ಮಡಿಯಾದರೆ ಓಲಾಟವನ್ನು ಕೊಲ್ಲುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಟೈರ್ ಅದೇ, ರಸ್ತೆ ಅದೇ. ಬದಲಾದದ್ದು ವೇಗ ಮಾತ್ರ.

ಇನ್ನೊಂದು ಕಡೆ ಕಾರಿನ ಹಿಂಭಾಗವೂ ಸುಮ್ಮನಿರುವುದಿಲ್ಲ. ಹಿಚ್‌ನ ಗುಂಡು ಕಾರಿನ ಹಿಂದಿನ ಅಚ್ಚಿಗಿಂತ ಮೀಟರಿಗೂ ಹೆಚ್ಚು ಹಿಂದೆ ಇರುತ್ತದೆ. ಓಲಾಡುವ ಟ್ರೇಲರ್ ಆ ಗುಂಡನ್ನು ಪಕ್ಕಕ್ಕೆ ದೂಡಿದಾಗ ಕಾರಿನ ಮೂತಿ ಎದುರು ಬದಿಗೆ ತಿರುಗುತ್ತದೆ. ಕಾರಿನ ಆ ಅಲುಗಾಟ ಮತ್ತೆ ಟ್ರೇಲರ್‌ಗೆ ತಲುಪುತ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ಬೀಸಿನಲ್ಲಿ ಒಳಗೆ ಬರುವ ಶಕ್ತಿ ಹೊರಗೆ ಹೋಗುವ ಶಕ್ತಿಗಿಂತ ಹೆಚ್ಚಾಗುತ್ತದೆ. ಆಗ ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದು. ಈ ವೇಗವನ್ನು ಎಂಜಿನಿಯರುಗಳು ಕ್ರಿಟಿಕಲ್ ಸ್ಪೀಡ್ ಅನ್ನುತ್ತಾರೆ. ಪ್ರತಿ ಕಾರು-ಟ್ರೇಲರ್ ಜೋಡಿಗೂ ಅದರದ್ದೇ ಆದ ಒಂದು ಮಿತಿ ಇದೆ. ಅದನ್ನು ನಮ್ಮ ಪ್ರಯಾಣದ ವೇಗಕ್ಕಿಂತ ಬಹಳ ಮೇಲಕ್ಕೆ ಇಟ್ಟುಕೊಳ್ಳುವುದೇ ಇಡೀ ಹಿಚ್ ವಿದ್ಯೆಯ ಗುರಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಮಿತಿ ಇದೆ. ಜರ್ಮನಿಯಲ್ಲಿ 80 ಕಿ.ಮೀ., ಪರೀಕ್ಷೆ ಪಾಸಾದ ಜೋಡಿಗೆ 100. ಈ ಮಿತಿಗಳ ಹಿಂದೆ ಗಟ್ಟಿಯಾದ ಭೌತವಿಜ್ಞಾನ ಇದೆ.

ಹಾಗಾದರೆ ಆ ಮಿತಿಯನ್ನು ಮೇಲಕ್ಕೆತ್ತುವುದು ಯಾವುದು? ಎತ್ತಿನ ಗಾಡಿ ಹೊಡೆದವರಿಗೆ ಹಿಂಭಾರ, ಮುಂಭಾರ ಅಂದರೆ ಗೊತ್ತು. ಹಿಂದೆ ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ. ಮುಂದೆ ಹೇರಿದರೆ ಹೆಗಲು ಒತ್ತುತ್ತದೆ. ಅದಕ್ಕೇ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಭಾರ ಬರುವಂತೆ ಹೇರುತ್ತಾರೆ. ಟ್ರೇಲರ್‌ಗೂ ಅದೇ ಲೆಕ್ಕ, ಆದರೆ ಇಲ್ಲಿ ಕಾರಣ ಬೇರೆ. ಭಾರ ಅಚ್ಚಿನ ಹಿಂದಿದ್ದರೆ ಪ್ರತಿ ಬೀಸಿನಲ್ಲೂ ಅದು ಬಾಲವನ್ನು ಇನ್ನಷ್ಟು ಹೊರಕ್ಕೆ ಎಸೆಯುತ್ತದೆ. ಮುಂದಿದ್ದರೆ ಚಕ್ರಗಳು ಆ ಭಾರದ ಹಿಂದೆ ಎಳೆದುಕೊಂಡು ಬಂದು ಟ್ರೇಲರ್‌ನ್ನು ನೇರ ಮಾಡುತ್ತವೆ.

ಗುಂಡಿನ ಮೇಲೆ ಬೀಳುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್‌ಗೆ ಇದು ಒಟ್ಟು ತೂಕದ ಶೇ. 10ರಿಂದ 15 ಇರಬೇಕು ಎನ್ನುವುದು ವಾಡಿಕೆಯ ನಿಯಮ. ಯುರೋಪಿನ ಕಾರುಗಳಲ್ಲಿ ಗುಂಡಿನ ಮೇಲಿನ ಭಾರಕ್ಕೆ 75 ಅಥವಾ 100 ಕಿಲೋ ಮಿತಿ ಇರುವುದು ಸಾಮಾನ್ಯ. ಅಲ್ಲಿನ ಟ್ರೇಲರ್‌ಗಳು ಹಗುರ, ವೇಗವೂ ಕಡಿಮೆ. ಹಾಗಾಗಿ ಯುರೋಪಿನ ಸಲಹೆಯನ್ನು ಅಮೆರಿಕಕ್ಕೆ, ಅಮೆರಿಕದ್ದನ್ನು ಯುರೋಪಿಗೆ ತರಬಾರದು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ತೂಕವನ್ನೂ ಅಚ್ಚನ್ನೂ ಬೇಕಾದಂತೆ ಸರಿಸಬಹುದಾದ ಟ್ರೇಲರ್ ಕಟ್ಟಿ ಪರೀಕ್ಷೆ ಮಾಡಿದ್ದರು. ಸ್ಥಿರತೆಗೆ ಎಲ್ಲಕ್ಕಿಂತ ಮುಖ್ಯ ಎಂದು ಅವರು ಕಂಡುಕೊಂಡದ್ದು ಮೂರು: ಗುಂಡಿನ ಮೇಲಿನ ಭಾರ, ಅಚ್ಚು ಇರುವ ಜಾಗ, ಮತ್ತು ತೂಕ ಮಧ್ಯದಿಂದ ಎಷ್ಟು ದೂರ ಹರಡಿದೆ ಎಂಬುದು.

ಟಂಗ್ ವೇಟ್ ಸರಿ ಇದ್ದರೆ ಸಾಕಾ? ಸಾಲದು. ಮೂತಿಯಲ್ಲಿ ಜನರೇಟರ್, ಬಾಲದಲ್ಲಿ ನಾಲ್ಕು ಸೈಕಲ್ ಇಟ್ಟರೆ ತಕ್ಕಡಿ ಸರಿಯಾಗಿಯೇ ತೋರಿಸುತ್ತದೆ. ಆದರೆ ತುದಿಯಲ್ಲಿರುವ ತೂಕ ಒಮ್ಮೆ ಬೀಸತೊಡಗಿದರೆ ನಿಲ್ಲಿಸುವುದು ಕಷ್ಟ. ತಿರುಗುವಿಕೆಗೆ ವಸ್ತು ಒಡ್ಡುವ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮಧ್ಯದಿಂದ 3 ಮೀಟರ್ ದೂರದಲ್ಲಿರುವ 100 ಕಿಲೋ, ಅರ್ಧ ಮೀಟರ್ ದೂರದಲ್ಲಿರುವ 100 ಕಿಲೋಗಿಂತ 36 ಪಟ್ಟು ಜಡ. ಆದ್ದರಿಂದ ಭಾರವಾದದ್ದೆಲ್ಲ ಅಚ್ಚಿನ ಹತ್ತಿರ, ಸ್ವಲ್ಪ ಮುಂದಕ್ಕೆ, ನೆಲಕ್ಕೆ ಹತ್ತಿರ ಇರಬೇಕು. ನೀರಿನ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. 50 ಗ್ಯಾಲನ್ ನೀರು ಅಂದರೆ 190 ಕಿಲೋ. ಅದು ಅಚ್ಚಿನ ಹಿಂದಿದ್ದರೆ ತುಂಬಿದಾಗ ಒಂದು ಟ್ರೇಲರ್, ಖಾಲಿಯಾದಾಗ ಇನ್ನೊಂದು ಟ್ರೇಲರ್.

ಎರಡನೆಯ ಪ್ರಶ್ನೆಗೆ ಬರೋಣ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಗಾಡಿ ಎಷ್ಟು ಎಳೆಯಬಲ್ಲದು ಎಂಬ ಅಂಕಿ. ನಿಮಗೆ ಬೇಕಾದ ಅಂಕಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ, ಸಣ್ಣ ಹಳದಿ-ಬಿಳಿ ಸ್ಟಿಕ್ಕರಿನಲ್ಲಿದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಅಂತ ಅದು ಹೇಳುತ್ತದೆ. ಅದೇ ಪೇಲೋಡ್. ಟಂಗ್ ವೇಟ್ ಕೂಡ ಈ ಲೆಕ್ಕಕ್ಕೇ ಸೇರುತ್ತದೆ. ಒಂದು ಉದಾಹರಣೆ ನೋಡಿ. ತುಂಬಿದ ಟ್ರೇಲರ್ 2,700 ಕಿಲೋ, ಟಂಗ್ ವೇಟ್ ಶೇ. 13, ಅಂದರೆ 350 ಕಿಲೋ. ಹಿಚ್‌ನದೇ ತೂಕ 45. ನಾಲ್ಕು ಜನರ ಕುಟುಂಬ 280. ಒಟ್ಟು 675 ಕಿಲೋ. ಎಸ್‌ಯುವಿಯ ಪೇಲೋಡ್ 650 ಇದ್ದರೆ, ಒಂದು ಚೀಲವೂ ಇಡುವ ಮೊದಲೇ ಮಿತಿ ಮೀರಿತು. ಅದೇ ಗಾಡಿ 3,500 ಕಿಲೋ ಎಳೆಯಬಲ್ಲದು ಅಂತ ಜಾಹೀರಾತು ಹೇಳಿದ್ದರೂ ಅಷ್ಟೇ. ಇಂಥ ಕಡೆ ಕೆಲವರು ಟ್ರೇಲರ್‌ನ ಸಾಮಾನು ಹಿಂದಕ್ಕೆ ಸರಿಸಿ ಟಂಗ್ ವೇಟ್ ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಓಲಾಟಕ್ಕೆ ಅದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಚಿಕ್ಕ ಟ್ರೇಲರ್ ಅಥವಾ ದೊಡ್ಡ ಗಾಡಿ, ಎರಡರಲ್ಲಿ ಒಂದನ್ನು ಆರಿಸಬೇಕು.

ಈಗ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ತೂಕ ಹಂಚುವ ಹಿಚ್. ಮೇಲಿನ ಉದಾಹರಣೆಯ 350 ಕಿಲೋ, ಹಿಂದಿನ ಅಚ್ಚಿಗಿಂತ 1.25 ಮೀಟರ್ ಹಿಂದೆ ಕೂರುತ್ತದೆ ಅನ್ನಿ. ಕಾರಿನ ಎರಡು ಅಚ್ಚುಗಳ ನಡುವೆ 3 ಮೀಟರ್. ಸನ್ನೆಗೋಲಿನ ಲೆಕ್ಕ ಹಾಕಿದರೆ ಮುಂದಿನ ಚಕ್ರಗಳಿಂದ ಸುಮಾರು 146 ಕಿಲೋ ಮೇಲೇಳುತ್ತದೆ. ಹಿಂದಿನ ಅಚ್ಚಿನ ಮೇಲೆ 496 ಕಿಲೋ ಬೀಳುತ್ತದೆ. ಮುಂದಿನ ಚಕ್ರಗಳು ಹಗುರಾದರೆ ಸ್ಟೀರಿಂಗ್ ಮಂಕಾಗುತ್ತದೆ, ಮುಂದಿನ ಬ್ರೇಕಿನ ಹಿಡಿತವೂ ತಗ್ಗುತ್ತದೆ. ಈ ಹಿಚ್‌ನಲ್ಲಿ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳಿವೆ. ಅವನ್ನು ಬಿಗಿದಾಗ ಕಾರಿನ ಮೂತಿ ಕೆಳಗೊತ್ತುವ ತಿರುಚು ಬಲ ಹುಟ್ಟುತ್ತದೆ. ಕಳೆದುಕೊಂಡದ್ದರಲ್ಲಿ ಅರ್ಧ, 73 ಕಿಲೋ, ಮುಂದಕ್ಕೆ ಮರಳಿಸಿದರೆ ಜತೆಗೆ ಸುಮಾರು 35 ಕಿಲೋ ಟ್ರೇಲರ್‌ನ ಅಚ್ಚುಗಳಿಗೂ ಹೋಗುತ್ತದೆ. ಎಷ್ಟು ಮರಳಿಸಬೇಕು ಅನ್ನೋದನ್ನು ಗಾಡಿಯ ಕೈಪಿಡಿ ಹೇಳುತ್ತದೆ. ಅದನ್ನೇ ನಂಬಿ. ಜಾಸ್ತಿ ಬಿಗಿದರೆ ಒಳ್ಳೆಯದು ಎಂಬುದು ತಪ್ಪು. ಹಿಂದಿನ ಚಕ್ರಗಳು ತೀರಾ ಹಗುರಾದರೆ ಟ್ರೇಲರ್ ಪಕ್ಕಕ್ಕೆ ದೂಡಿದಾಗ ತಡೆಯಬೇಕಾದ ಹಿಡಿತವೇ ಇರುವುದಿಲ್ಲ. ಮುಖ್ಯವಾಗಿ ನೆನಪಿಡಿ, ಈ ಹಿಚ್ ತೂಕ ಹಂಚುತ್ತದೆಯೇ ಹೊರತು ಅಷ್ಟರಿಂದಲೇ ಓಲಾಟ ನಿಲ್ಲಿಸುವುದಿಲ್ಲ.

ಓಲಾಟ ತಡೆಯುವ ಸಾಧನಗಳಲ್ಲಿ ಹೆಚ್ಚಿನವು ಘರ್ಷಣೆಯಿಂದ ಕೆಲಸ ಮಾಡುತ್ತವೆ. ಅಗ್ಗದ್ದು ಪಕ್ಕಕ್ಕೆ ಸಿಕ್ಕಿಸುವ ಒಂದು ಫ್ರಿಕ್ಷನ್ ಬಾರ್. ಇಕ್ವಲೈಸರ್, ಬ್ಲೂ ಆಕ್ಸ್ ಥರದ ಹಿಚ್‌ಗಳಲ್ಲಿ ತೂಕ ಹಂಚುವ ಬಾರ್‌ಗಳೇ ಓಲಾಟವನ್ನೂ ತಡೆಯುತ್ತವೆ. ರೀಸ್ ಕಂಪನಿಯ ಡ್ಯುಯಲ್ ಕ್ಯಾಮ್‌ನಲ್ಲಿ ಬಾರ್‌ನ ತುದಿ ಒಂದು ಗುಳಿಯಲ್ಲಿ ಕೂತು ಟ್ರೇಲರ್‌ನ್ನು ನೇರಕ್ಕೆ ಒತ್ತುತ್ತದೆ.

ಘರ್ಷಣೆಯ ಒಂದು ಗುಣವನ್ನು ಇಲ್ಲಿ ಬಿಡಿಸಿ ಹೇಳಬೇಕು. ಯಾಕೆಂದರೆ ಆಯ್ಕೆಯ ಗುಟ್ಟೆಲ್ಲ ಅದರಲ್ಲಿದೆ. ಉಜ್ಜುವ ಬಲ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಓಲಾಟ ಸಣ್ಣದಿರಲಿ ದೊಡ್ಡದಿರಲಿ. ಹಾಗಾಗಿ ಓಲಾಟ ಇಮ್ಮಡಿಯಾದರೆ ಘರ್ಷಣೆ ನುಂಗುವ ಶಕ್ತಿಯೂ ಇಮ್ಮಡಿ ಆಗುತ್ತದೆ, ಅಷ್ಟೇ. ಆದರೆ ಕ್ರಿಟಿಕಲ್ ಸ್ಪೀಡ್ ದಾಟಿದ ಮೇಲೆ ಓಲಾಟಕ್ಕೆ ಸೇರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸಣ್ಣ ಅಲುಗಾಟದಲ್ಲಿ ಘರ್ಷಣೆ ಗೆಲ್ಲುತ್ತದೆ. ಗಾಡಿ ಹಳಿಯ ಮೇಲೆ ಹೋದಂತೆ ನೇರವಾಗಿ ಹೋಗುತ್ತದೆ. ಒಂದು ದೊಡ್ಡ ಗಾಳಿಯ ಹೊಡೆತ ಬಿದ್ದು ಓಲಾಟ ಒಂದು ಅಳತೆ ಮೀರಿತೋ, ಅದೇ ಘರ್ಷಣೆ ಸೋಲುತ್ತದೆ. ಹಾಗಾಗಿ ತಪ್ಪಾಗಿ ತುಂಬಿದ ಟ್ರೇಲರ್‌ಗೆ ಫ್ರಿಕ್ಷನ್ ಬಾರ್ ಹಾಕಿದರೆ ದೋಷ ಹೋಗುವುದಿಲ್ಲ, ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ಅದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಎಚ್ಚರಿಕೆ ಕೊಡುತ್ತಿದ್ದ ಸಣ್ಣ ಅಲುಗಾಟವೂ ಆಗ ಇರುವುದಿಲ್ಲ ನೋಡಿ.

ಬೇರೆಯೇ ದಾರಿ ಹಿಡಿದ ಹಿಚ್‌ಗಳೂ ಇವೆ. ಪಿಕಪ್‌ನ ಹಾಸಿನಲ್ಲಿ ಕೂರುವ ಫಿಫ್ತ್ ವೀಲ್ ಟ್ರೇಲರ್‌ಗಳು ಓಲಾಡುವುದು ಕಡಿಮೆ. ಅವುಗಳ ತಿರುಗುವ ಬಿಂದು ಹಿಂದಿನ ಅಚ್ಚಿನ ಮೇಲೇ ಇರುವುದರಿಂದ, ಪಕ್ಕಕ್ಕೆ ದೂಡಿದರೂ ಪಿಕಪ್‌ನ ಮೂತಿ ತಿರುಗುವುದಿಲ್ಲ. ಜಿಮ್ ಹೆನ್ಸ್ಲಿ ಎಂಬ ಅಮೆರಿಕದ ಸಂಶೋಧಕ ಇದೇ ಲಾಭವನ್ನು ಸಾಮಾನ್ಯ ಟ್ರೇಲರ್‌ಗೂ ತಂದರು. ಅವರ ಹಿಚ್‌ನಲ್ಲಿ ಮುಂದಕ್ಕೆ ಕಿರಿದಾಗುವ ಎರಡು ಕೊಂಡಿಗಳಿವೆ. ಅವುಗಳ ಗೆರೆಯನ್ನು ಮನಸ್ಸಿನಲ್ಲೇ ಮುಂದಕ್ಕೆ ಎಳೆದರೆ ಕಾರಿನ ಹಿಂದಿನ ಅಚ್ಚಿನ ಹತ್ತಿರ ಸೇರುತ್ತವೆ. ಟ್ರೇಲರ್ ತನ್ನಷ್ಟಕ್ಕೆ ಬೀಸಲು ಹೋದರೆ ಆ ಕಾಲ್ಪನಿಕ ಬಿಂದುವಿನ ಸುತ್ತ ತಿರುಗಬೇಕಾಗುತ್ತದೆ. ಹೆನ್ಸ್ಲಿ ಆ್ಯರೋ ಮತ್ತು ಪ್ರೊಪ್ರೈಡ್ ಈ ಬಗೆಯವು. ಬೆಲೆ ಸಾವಿರಾರು ಡಾಲರ್, ತೂಕವೂ ಹೆಚ್ಚು. ಉದ್ದನೆಯ ಟ್ರೇಲರ್ ಇಟ್ಟುಕೊಂಡು ವರ್ಷವಿಡೀ ಗಾಳಿ ಪ್ರದೇಶದಲ್ಲಿ ತಿರುಗುವವರಿಗೆ ಅದು ಸಾರ್ಥಕ ಖರ್ಚು. ಚಿಕ್ಕ ಟ್ರೇಲರ್‌ನಲ್ಲಿ ವಾರಾಂತ್ಯಕ್ಕೆ ಹೋಗುವವರಿಗೆ ಬಾರ್‌ಗಳಲ್ಲೇ ಘರ್ಷಣೆ ಇರುವ ಮಧ್ಯಮ ಬೆಲೆಯ ಹಿಚ್ ಸಾಕು ಎಂಬುದು ನನ್ನ ಅಭಿಪ್ರಾಯ. ಬಿಡಿ ಫ್ರಿಕ್ಷನ್ ಬಾರ್ ಆದರೆ ರಿವರ್ಸ್‌ನಲ್ಲಿ ತಿರುಗಿಸುವ ಮೊದಲು ಬಿಚ್ಚುವ ಕೆಲಸ ಬೇರೆ ಇದೆ.

ಕಾರಿನ ಎಲೆಕ್ಟ್ರಾನಿಕ್ ಸ್ವೇ ಕಂಟ್ರೋಲ್ ಬಗ್ಗೆ ಒಂದು ಮಾತು. ಅದು ಓಲಾಟವನ್ನು ಗುರುತಿಸಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಎಂಜಿನ್ ಶಕ್ತಿ ಇಳಿಸುತ್ತದೆ. ಬಹಳ ಉಪಯುಕ್ತ. ಆದರೆ ಓಲಾಟ ಶುರುವಾದ ಮೇಲಷ್ಟೇ ಅದರ ಕೆಲಸ ಶುರು.

ಜೋಡಿಸುವಾಗ ಗಾಡಿ ಸಮತಟ್ಟಾದ ನೆಲದ ಮೇಲಿರಲಿ. ಟ್ರೇಲರ್ ಪ್ರಯಾಣಕ್ಕೆ ಹೊರಟಂತೆ ಪೂರ್ತಿ ತುಂಬಿರಲಿ. ಟ್ರೇಲರ್ ಕಟ್ಟುವ ಮೊದಲು ಕಾರಿನ ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆಯಿರಿ. ಕಟ್ಟಿ, ಬಾರ್ ಬಿಗಿಯದೆ ಇನ್ನೊಮ್ಮೆ. ಬಿಗಿದ ಮೇಲೆ ಮತ್ತೊಮ್ಮೆ. ಟ್ರೇಲರ್ ಮಟ್ಟವಾಗಿ ಇಲ್ಲವೇ ಮೂತಿ ಒಂಚೂರು ಕೆಳಗಾಗಿ ಇರಬೇಕು. ಟೇಪಿನ ಅಳತೆ ಅಂದಾಜಿಗೆ ಮಾತ್ರ. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಗುವ ತಕ್ಕಡಿ ಪ್ರತಿ ಅಚ್ಚಿನ ತೂಕವನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಬಾರ್ ಬಿಗಿದು, ಬಾರ್ ಸಡಿಲಿಸಿ, ಕೊನೆಗೆ ಕಾರು ಒಂದನ್ನೇ, ಹೀಗೆ ಮೂರು ಸಲ ತೂಗಿಸಿ. ಈ ಮೂರು ಚೀಟಿಗಳಿಂದ ಟಂಗ್ ವೇಟ್, ಮುಂದಿನ ಅಚ್ಚಿಗೆ ಮರಳಿದ ಭಾರ, ಪ್ರತಿ ಅಚ್ಚಿನ ಮೇಲಿನ ಭಾರ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ಇದಕ್ಕೆ ತಗಲುವುದು ಹಿಚ್‌ನ ಬೆಲೆಯ ಒಂದು ಸಣ್ಣ ಪಾಲು. ಇಷ್ಟು ಕಡಿಮೆಗೆ ಇಷ್ಟು ತಿಳಿವಳಿಕೆ ಬೇರೆಲ್ಲೂ ಸಿಗದು.

ಇಷ್ಟೆಲ್ಲ ಮಾಡಿದ ಮೇಲೂ ಇಳಿಜಾರಿನಲ್ಲಿ, ಗಾಳಿಯಲ್ಲಿ ಓಲಾಟ ಶುರುವಾಗಬಹುದು. ಆಗ ಸ್ಟೀರಿಂಗ್ ನೇರವಾಗಿ ಹಿಡಿಯಿರಿ, ಓಲಾಟದ ಎದುರು ತಿರುಗಿಸಲು ಹೋಗಬೇಡಿ. ಮನುಷ್ಯನ ಕೈ ತಡವಾಗಿ ತಿರುಗುತ್ತದೆ, ಆ ತಡ ಓಲಾಟಕ್ಕೇ ಬಲ ಕೊಡುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ, ಹಿಂದಿನಿಂದ ಟ್ರೇಲರ್ ದೂಡುತ್ತದೆ. ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರ್‌ನಲ್ಲಿ ಟ್ರೇಲರ್‌ನ ಬ್ರೇಕ್ ಮಾತ್ರ ಹಾಕುವ ಒಂದು ಲಿವರ್ ಇರುತ್ತದೆ. ಅದನ್ನು ಒತ್ತಿದರೆ ಟ್ರೇಲರ್ ಹಿಂದಕ್ಕೆ ಜಗ್ಗಿ ಇಡೀ ಜೋಡಿ ನೇರವಾಗುತ್ತದೆ. ಆ ಲಿವರ್ ಎಲ್ಲಿದೆ ಅನ್ನೋದು ಹೊರಡುವ ಮೊದಲೇ ಕೈಗೆ ಅಭ್ಯಾಸವಾಗಿರಲಿ. ಆಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಟೈರಿನ ಗಾಳಿ ನೋಡಿ, ಹಿಂದಿನ ಸಾಮಾನನ್ನು ಅಚ್ಚಿನ ಮುಂದಕ್ಕೆ ಸರಿಸಿ. ಮತ್ತೆ ತೂಗಿಸುವವರೆಗೆ ಮೊದಲಿನ ವೇಗಕ್ಕೆ ಹೋಗಬೇಡಿ.