ಯುಪಿಐಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆವಾಗಿನಿಂದ ನಮ್ಮ ಉಡುಪಿಯ ಸಿಎ ಆಫೀಸಿಗೆ ಬರುವ ಅಂಗಡಿಯವರ ಮೊದಲ ಪ್ರಶ್ನೆ ಒಂದೇ. ಕ್ಯೂಆರ್ ಕೋಡ್ ತೆಗೆದುಬಿಡಬೇಕಾ? ಬೇಡ. ಕ್ಯಾಶ್ ತಗೊಂಡರೂ ಅದು ವ್ಯಾಪಾರವೇ ಅಲ್ವಾ? ನೋಡಬೇಕಾದದ್ದು ಬೇರೆಯೇ ಇದೆ.

ಒಂದು ಸಾಧಾರಣ ಅಂಗಡಿ ಅಂದುಕೊಳ್ಳಿ. ತರಕಾರಿ, ಹಾಲು, ಬೊಂಡ (ಎಳನೀರು), ಜೊತೆಗೆ ಒಂದಿಷ್ಟು ಬಿಸ್ಕತ್ತು, ಸೋಪು. ವರ್ಷಕ್ಕೆ ಯುಪಿಐಗೆ 45 ಲಕ್ಷ ಬಂದಿದೆ. ಸರಕು ಮಾರುವವರಿಗೆ ನಮ್ಮಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ತರಕಾರಿ, ಹಾಲು, ಬೊಂಡಕ್ಕೆ ತೆರಿಗೆ ಇಲ್ಲ, ಬರೀ ಅದನ್ನೇ ಮಾರುವವರಾದರೆ ಎಷ್ಟು ಮಾರಿದರೂ ನೋಂದಣಿ ಬೇಡ. ಆದರೆ ಬಿಸ್ಕತ್ತು, ಸೋಪು ಸೇರಿದ ಕೂಡಲೇ 40 ಲಕ್ಷದ ಲೆಕ್ಕಕ್ಕೆ ತರಕಾರಿಯೂ ಬರುತ್ತದೆ. ನೋಂದಣಿ ಮಾಡಲೇಬೇಕು. ತೆರಿಗೆ ಮಾತ್ರ ಬಿಸ್ಕತ್ತು, ಸೋಪಿಗಷ್ಟೇ.

ಇನ್ನು ಆ 45 ಲಕ್ಷ ಪೂರ್ತಿ ವ್ಯಾಪಾರದ್ದಾ? ಬೆಂಗಳೂರಿನಲ್ಲಿರುವ ಮಗ ಮನೆ ರಿಪೇರಿಗೆ ಕಳಿಸಿದ್ದು, ಭಾವನ ಕೈಸಾಲ, ಚೀಟಿ ಎತ್ತಿದ ದುಡ್ಡು, ಎಲ್ಲ ಅದೇ ಫೋನಿಗೆ ಬಂದು ಬಿದ್ದಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿದರೆ ಈಗಿನ ಸಾಫ್ಟ್‌ವೇರ್ ತಾನೇ ಎಂಟ್ರಿ ಮಾಡುತ್ತದೆ, ನಿಜ. ಆದರೆ ಅದಕ್ಕೆ ಕಾಣುವುದು ಹೆಸರು ಮತ್ತು ಮೊತ್ತ. ಮಗನ ದುಡ್ಡನ್ನೂ ಸೇಲ್ಸ್ ಅಂತ ಹಾಕಿಬಿಡುತ್ತದೆ. ಇಂಥದ್ದು ಆರೇಳು ಲಕ್ಷ ಇದ್ದರೆ ನೀವು ಮಿತಿಯೊಳಗೇ ಇದ್ದೀರಿ ಅಂತ ಆಗಬಹುದು. ಹಾಗಂತ ಗಲ್ಲಾಪೆಟ್ಟಿಗೆಯ ಕ್ಯಾಶ್ ಬಿಡುವ ಹಾಗಿಲ್ಲ, ಅದನ್ನೂ ಕೂಡಿಸಬೇಕು. ದಯವಿಟ್ಟು ಅಂಗಡಿಗೇ ಬೇರೆ ಖಾತೆ ಮಾಡಿಸಿ.

ನೋಂದಣಿ ಇರುವವರ ಕಷ್ಟ ಇನ್ನೊಂದು ಥರ. 2022ರ ಜನವರಿ 1ರಿಂದ, ಮಾಲು ಕೊಟ್ಟವರು ಬಿಲ್ ಅಪ್‌ಲೋಡ್ ಮಾಡಿ ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಪೋರ್ಟಲ್ ಪ್ರತಿ ತಿಂಗಳು ತಾನೇ ತಯಾರಿಸುವ ಖರೀದಿ ಬಿಲ್‌ಗಳ ಪಟ್ಟಿಯಲ್ಲಿ, ಕಂಡರೆ ಮಾತ್ರ ಮಾಲಿನ ಮೇಲೆ ನೀವು ಕೊಟ್ಟ ತೆರಿಗೆಯ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆಯಬಹುದು. ಮಂಗಳೂರಿನ ಬಂದರಿನ ಒಂದು ಹಾರ್ಡ್‌ವೇರ್ ಅಂಗಡಿಯವರು 5 ಲಕ್ಷದ ಮಾಲು ತಂದರು ಅನ್ನಿ. 18% ಅಂದರೆ 90,000 ತೆರಿಗೆ, ಕೊಟ್ಟಾಗಿದೆ, ಬಿಲ್ಲೂ ಕೈಯಲ್ಲಿದೆ. ಮಾಲು ಕೊಟ್ಟವರು ಮುಂದಿನ ತಿಂಗಳ 11ನೇ ತಾರೀಕಿನೊಳಗೆ ಫೈಲ್ ಮಾಡಲಿಲ್ಲ ಅಂದರೆ 14ಕ್ಕೆ ಬರುವ 2ಬಿಯಲ್ಲಿ ಆ ಬಿಲ್ ಇರುವುದಿಲ್ಲ, 20ಕ್ಕೆ 3ಬಿ, ಅಂದರೆ ತೆರಿಗೆ ಕಟ್ಟುವ ತಿಂಗಳ ರಿಟರ್ನ್, ತುಂಬುವಾಗ ಅಷ್ಟೂ ದುಡ್ಡು ಮತ್ತೆ ಕೈಯಿಂದ ಹಾಕಬೇಕು. 14ರಿಂದ 20ರ ತನಕ ನಮ್ಮ ಆಫೀಸಿನಲ್ಲಿ ಹುಡುಗರು ಫೋನ್ ಕೆಳಗಿಡುವುದಿಲ್ಲ. ಮೊದಲು ಮಾರ್ಚ್ ಆದ ಮೇಲೆ ಬಿಲ್ಲಿನ ಚೀಲ ತಂದು ಕೊಡುತ್ತಿದ್ದವರು ಈಗ ತಿಂಗಳ ಮೊದಲ ವಾರದಲ್ಲೇ ಕೊಡಬೇಕು ಅಂತ ನಾವು ಹಟ ಹಿಡಿಯುವುದು ಸುಮ್ನೆ ಅಲ್ಲ.

ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಇರುವ ಸಾಫ್ಟ್‌ವೇರ್ ಕಡ್ಡಾಯ. ಯಾವ ಎಂಟ್ರಿ ಯಾವಾಗ ತಿದ್ದಿದ್ದು ಅಂತ ಉಳಿದುಕೊಳ್ಳುತ್ತದೆ, ಆಫ್ ಮಾಡುವ ಹಾಗಿಲ್ಲ. ಒಳ್ಳೆಯದೇ ಆಯಿತು. ಇನ್ನು 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ಸೆಕ್ಷನ್ ನಂಬರ್‌ಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ಕಲಿಯೋಣ, ಅದು ದೊಡ್ಡದಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಓದುವಾಗಿನ ಆಫೀಸ್ ತರಬೇತಿಗೆ, ಬರುವ ಮಕ್ಕಳದ್ದು. ವೋಚರ್ ಒಂದೊಂದೇ ಟಿಕ್ ಮಾಡುತ್ತಾ ನಾವು ವ್ಯಾಪಾರ ಕಲಿತೆವು. ಆ ಕೆಲಸ ಈಗ ಯಂತ್ರದ್ದು. ಸಿಎ ಕೋರ್ಸಿನ 2023ರ ಹೊಸ ಸ್ಕೀಮಿನಲ್ಲಿ ತರಬೇತಿಯೂ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಹಾಗಾಗಿ ಅವರನ್ನು ಕಂಪ್ಯೂಟರ್ ಮುಂದಿನಿಂದ ಎಬ್ಬಿಸಿ ಗೇರುಬೀಜದ ಫ್ಯಾಕ್ಟರಿಗೆ, ಗೋಡೌನಿಗೆ ಕಳಿಸುತ್ತೇನೆ. ಒಂದು ಮೂಟೆ ಬೀಜಕ್ಕೆ ಎಷ್ಟು ತಿರುಳು ಬರುತ್ತದೆ, ತುಂಡಾದದ್ದು ಎಷ್ಟು, ಸಿಪ್ಪೆ ಯಾರಿಗೆ ಹೋಗುತ್ತದೆ ಅಂತ ಕಣ್ಣಾರೆ ಕಂಡವರಿಗೆ ಸ್ಟಾಕ್ ಲೆಕ್ಕದಲ್ಲಿ ಏನೋ ಸರಿ ಇಲ್ಲ ಅನ್ನುವುದು ಬೇಗ ಹೊಳೆಯುತ್ತದೆ. ಫ್ಯಾಕ್ಟರಿ ಮಾಲೀಕರಲ್ಲಿ ಒಂದೇ ಕೋರಿಕೆ: ನಮ್ಮ ಮಕ್ಕಳು ಬಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಪುರುಸೊತ್ತು ಮಾಡಿಕೊಂಡು ತೋರಿಸಿ.