ತುಕ್ಕು ಉಜ್ಜಿದರೂ ಉಪ್ಪು ಉಳಿದಿರುತ್ತದೆ

ಮಳೆ ನಿಂತು ದೀಪಾವಳಿ ಹತ್ತಿರ ಬಂತೆಂದರೆ ಕಾರವಾರದ ನನ್ನ ಗ್ಯಾರೇಜಿಗೆ ಹಳೆ ಬೈಕುಗಳು ಒಂದೊಂದಾಗಿ ಬರುತ್ತವೆ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಯೆಜ್ಡಿ, ಅಪ್ಪನ ಕಾಲದ ಆರ್‌ಎಕ್ಸ್ 100, ಅಪರೂಪಕ್ಕೊಂದು ರಾಜದೂತ್. ತಂದವರ ಮಾತು ಮಾತ್ರ ಒಂದೇ: "ತುಕ್ಕು ಸ್ವಲ್ಪ ಉಜ್ಜಿ ಬಣ್ಣ ಹೊಡೆದು ಕೊಡಿ ಮಾರಾಯ್ರೆ, ಜಾಸ್ತಿ ಏನೂ ಬೇಡ."

ಸ್ವಲ್ಪ ಉಜ್ಜಿದರೆ ಸಾಕು ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಕೆಲಸ ಶುರು ಮಾಡಿದ ಹೊಸತು. ಮೀನು ಮಾರುವವರೊಬ್ಬರ ಬೈಕಿನ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ಕಬ್ಬಿಣದ ತೋಳು) ಮತ್ತು ಚೈನ್ ಕವರನ್ನು ವೈರ್ ಬ್ರಷ್ ಹಾಕಿ ಬೆಳ್ಳಗೆ ಹೊಳೆಯುವಂತೆ ಉಜ್ಜಿದೆ. ಅಡಿಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಕಪ್ಪು ಬಣ್ಣ ಕೊಟ್ಟೆ. ಮೂರು ತಿಂಗಳಿಗೆ ಬೈಕ್ ವಾಪಸ್ ಬಂತು. ಬಣ್ಣದ ತುಂಬ ಗುಳ್ಳೆ. ಒಂದನ್ನು ಉಗುರಿನಿಂದ ಒಡೆದರೆ ಕಂದು ನೀರು. ಕುತೂಹಲಕ್ಕೆ ನಾಲಿಗೆಗೆ ತಾಗಿಸಿ ನೋಡಿದೆ (ನೀವು ಮಾಡಬೇಡಿ). ಉಪ್ಪು!

ಅಪ್ಪೆಮಿಡಿಗೆ ಉಪ್ಪು ಹಾಕಿದರೆ ಮಿಡಿ ನೀರು ಬಿಡುತ್ತದಲ್ಲ, ಅದೇ ಲೆಕ್ಕ. ಉಪ್ಪು ಎಲ್ಲಿದ್ದರೂ ನೀರನ್ನು ತನ್ನ ಕಡೆ ಎಳೆಯುತ್ತದೆ. ಬಣ್ಣ ನಮಗೆ ಗಟ್ಟಿ ಪರದೆಯಂತೆ ಕಂಡರೂ ತೇವ ನಿಧಾನಕ್ಕೆ ಅದರೊಳಗೆ ಇಳಿಯುತ್ತದೆ. ಅಡಿಯಲ್ಲಿ ಉಪ್ಪು ಕೂತಿದ್ದರೆ ಅಲ್ಲೇ ನೀರು ಸೇರಿ ಗುಳ್ಳೆ ಏಳುತ್ತದೆ. ಉಪ್ಪು ನೀರಿನಲ್ಲಿ ಕಬ್ಬಿಣ ಸಿಹಿ ನೀರಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಶಿರಸಿ ಕಡೆಯ ಬೈಕು ಮಳೆಗಾಲದಲ್ಲಿ ತುಕ್ಕು ಹಿಡಿದರೂ ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ. ನಮ್ಮ ಕಡಲ ಕಡೆಯ ಬೈಕಿಗೆ ಆ ರಜೆ ಇಲ್ಲ. ಮೇ ತಿಂಗಳ ಗಾಳಿಯಲ್ಲೂ ಉಪ್ಪಿರುತ್ತದೆ. ಮೀನಿನ ಬಾಕ್ಸ್ ಹೊರುವ ಬೈಕಾದರೆ ಕೇಳುವುದೇ ಬೇಡ, ಐಸ್ ಕರಗಿದ ನೀರು ದಾರಿಯುದ್ದಕ್ಕೂ ಹಿಂದಿನ ರಿಮ್ಮಿನ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ.

ತುಕ್ಕು ಕಬ್ಬಿಣವನ್ನು ಸಮವಾಗಿ ತಿನ್ನುವುದಿಲ್ಲ. ಸಣ್ಣ ಸಣ್ಣ ಕುಳಿ ತೋಡುತ್ತದೆ. ವೈರ್ ಬ್ರಷ್ ಮೇಲೆ ಮೇಲೆ ಹೊಳಪು ಕೊಡುತ್ತದೆಯೇ ಹೊರತು ಕುಳಿಯ ತಳ ಮುಟ್ಟುವುದಿಲ್ಲ. ಉಪ್ಪು ಅಡಗಿ ಕೂರುವುದು ಅಲ್ಲೇ.

ಈಗ ನನ್ನ ಕ್ರಮ ಬೇರೆ. ಭಾಗವನ್ನು ಪೂರ್ತಿ ಬಿಚ್ಚಿ, ಬೇರಿಂಗ್, ಬುಷ್, ರಬ್ಬರ್ ಎಲ್ಲ ತೆಗೆದು, ಮೊದಲು ಸೋಪು ನೀರಿನಲ್ಲಿ ಗ್ರೀಸ್ ಬಿಡಿಸುತ್ತೇನೆ. ಆಮೇಲೆ 80ರ ಎಮರಿ ಪೇಪರ್, ನಂತರ 120, 220 (ನಂಬರ್ ಹೆಚ್ಚಾದಷ್ಟೂ ಪೇಪರ್ ನಯ). ಕುಳಿಯೊಳಗಿನ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್. ಸಣ್ಣಪುಟ್ಟ ನಟ್ಟು, ಕ್ಲಾಂಪುಗಳಿಗೆ ಹುಣಸೆಹುಳಿ ನೀರೂ ಆಗುತ್ತದೆ, ಒಂದೆರಡು ದಿನ ನೆನೆಯಬೇಕಷ್ಟೆ. ಹಿತ್ತಾಳೆ ಪಾತ್ರೆ ಬೆಳಗುವ ಅಜ್ಜಿಯರಿಗೆ ಇದು ಹೊಸ ವಿಷಯವೇನಲ್ಲ. ಆದರೆ ಕಕ್ಕಸು ತೊಳೆಯುವ ಆಸಿಡ್ ಮಾತ್ರ ತರಬೇಡಿ. ಅದರ ಹೊಗೆ ಶೆಡ್ಡಿನಲ್ಲಿರುವ ಉಳಿದ ಸಾಮಾನಿಗೂ ತುಕ್ಕು ಹಿಡಿಸುತ್ತದೆ. ಅದರಲ್ಲಿರುವುದೂ ಉಪ್ಪಿನಲ್ಲಿರುವ ಕ್ಲೋರೈಡೇ. ಸ್ಪ್ರಿಂಗ್, ಸ್ಪೋಕು, ಗಟ್ಟಿ ಜಾತಿಯ ಬೋಲ್ಟುಗಳನ್ನಂತೂ ಯಾವ ಆಸಿಡ್ಡಿನಲ್ಲೂ ನೆನೆಹಾಕಬೇಡಿ. ಹೊರಗೆ ಚೆಂದ ಕಾಣುತ್ತವೆ, ಒಳಗೆ ಪೆಡಸಾಗಿ ಒಂದು ದಿನ ಪಟ್ಟನೆ ಮುರಿಯುತ್ತವೆ.

ಇಷ್ಟಾದ ಮೇಲೆ ಎಲ್ಲರೂ ಬಿಡುವ ಹಂತ ಬರುತ್ತದೆ. ತೊಳೆಯುವುದು. ಕುದಿಯುವ ಸಿಹಿ ನೀರು ಹುಯ್ದು ನೈಲಾನ್ ಬ್ರಷ್‌ನಲ್ಲಿ ತಿಕ್ಕಬೇಕು. ಒಮ್ಮೆ ಅಲ್ಲ, ಮೂರ್ನಾಲ್ಕು ಸಲ. ಸಣ್ಣ ಭಾಗವಾದರೆ ಹಳೆ ಪಾತ್ರೆಯಲ್ಲಿ ಹಾಕಿ ಕುದಿಸಿ, ನೀರು ಬದಲಿಸಿ ಮತ್ತೆ ಕುದಿಸುತ್ತೇನೆ. ಬಿಸಿ ಇರುವಾಗಲೇ ಒರೆಸಿ ಒಂದು ರಾತ್ರಿ ಹಾಗೇ ಇಡುತ್ತೇನೆ. ಬೆಳಿಗ್ಗೆ ತೆಳುವಾಗಿ ಕಂದು ಬಣ್ಣ ಹರಡಿದ್ದರೆ ಚಿಂತೆ ಇಲ್ಲ, ಅದು ನಮ್ಮ ಗಾಳಿಯ ತೇವ. ಎಮರಿ ಪೇಪರ್ ಹಾಕಿದರೆ ಹೋಗುತ್ತದೆ. ಆದರೆ ಕುಳಿಗಳಲ್ಲಿ ಮಾತ್ರ ಕಪ್ಪು ಚುಕ್ಕೆ, ಒದ್ದೆ ಒದ್ದೆ ಕಂಡರೆ ಉಪ್ಪು ಇನ್ನೂ ಇದೆ ಅಂತ ಅರ್ಥ. ಮತ್ತೆ ನೀರು ಕಾಯಿಸಬೇಕು.

ಉಪ್ಪು ಹೋದ ಮೇಲೂ ಕುಳಿಯ ತಳದಲ್ಲಿ ಒಂದಿಷ್ಟು ತುಕ್ಕು ಉಳಿದರೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಕೆಲವು ಕನ್ವರ್ಟರುಗಳಲ್ಲಿ ಟ್ಯಾನಿನ್ ಇರುತ್ತದೆ. ಘಟ್ಟದ ಮೇಲೆ ಸಿಗುವ ಅಳಲೆಕಾಯಿಯಲ್ಲಿರುವ ಒಗರು ಅದೇ. ಅದು ತುಕ್ಕಿನ ಜೊತೆ ಸೇರಿ ಕಪ್ಪಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ. ಬಣ್ಣ ಹೊಡೆಯುವ ವಿದ್ಯೆ ಎಲ್ಲರಿಗೂ ಗೊತ್ತಿರುವುದೇ, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಜುಲೈನಲ್ಲಿ ಮಾತ್ರ ಬೇಡ. ಗಾಳಿಯ ತೇವಕ್ಕೆ ಬಣ್ಣ ಮಂಕಾಗಿ ಬೆಳ್ಳಗೆ ತಿರುಗುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ.

ಕ್ರೋಮ್ ಭಾಗಗಳ ಲೆಕ್ಕ ಬೇರೆ. ಕನ್ನಡಿಯಂತೆ ಹೊಳೆಯುವ ಆ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವೂ ಇರುವುದಿಲ್ಲ. ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರ ಕೆಳಗಿನ ನಿಕ್ಕಲ್. ಹ್ಯಾಂಡಲ್ಲಿನ ಮೇಲೆ ಕಂದು ಚುಕ್ಕೆ ಕಂಡರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ. ನಂತರ ಮೇಣ ಹಚ್ಚಿ. ಆದರೆ ಕ್ರೋಮ್ ಸಿಪ್ಪೆ ಏಳುತ್ತಿದ್ದರೆ ಯಾವ ಪಾಲಿಶ್ ಹಾಕಿಯೂ ಪ್ರಯೋಜನವಿಲ್ಲ. ಹಳೆಯದನ್ನು ಇಳಿಸಿ ಹೊಸದಾಗಿ ನಿಕ್ಕಲ್, ಕ್ರೋಮ್ ಹಾಕಿಸಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಖರ್ಚು ಬೇಡ ಅನ್ನುವವರಿಗೆ ನಾನು ರಿಮ್ಮನ್ನು ಕಪ್ಪು ಮಾಡಿಸಿಕೊಳ್ಳಿ ಅನ್ನುತ್ತೇನೆ. ಯೆಜ್ಡಿ ಇಟ್ಟುಕೊಂಡವರಿಗೆ ಈ ಮಾತು ಕೇಳಿದರೆ ಸಿಟ್ಟೇ ಬರುತ್ತದೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಮೂಲ ರಿಮ್ ಎಲ್ಲಿಂದ ತರುವುದು ಹೇಳಿ?

ಮೀನಿನವರ ಬೈಕಿಗೆ ಆ ಸಲ ದುಡ್ಡು ತಗೊಳ್ಳದೆ ಮತ್ತೆ ಮೊದಲಿಂದ ಮಾಡಿಕೊಟ್ಟೆ. "ದಿನಾ ಸಂಜೆ ಒಂದು ಬಕೆಟ್ ನೀರು ಹುಯ್ಯಿ ಅಣ್ಣಾ" ಅಂತ ಹೇಳಿ ಕಳಿಸಿದೆ. ಪಾಪ, ತಪ್ಪದೆ ಮಾಡಿದರು. ಏಪ್ರಿಲ್‌ನಲ್ಲಿ ನೋಡಿದರೆ ರಿಮ್ಮಿನ ಅಂಚಿನಲ್ಲಿ ಮತ್ತೆ ಕಂದು. ಯಾವ ನೀರು ಹಾಕ್ತೀರಿ ಅಂದೆ. ಮನೆಯ ಬಾವಿಯದು ಅಂದರು. ಬೇಸಿಗೆ ಬಂದಾಗ ಕಡಲ ಹತ್ತಿರದ ಎಷ್ಟೋ ಬಾವಿಗಳಂತೆ ಅವರ ಬಾವಿಯೂ ಉಪ್ಪಾಗಿತ್ತು. ಈಗ ಅವರು ಬೈಕಿಗೆ ನಲ್ಲಿ ನೀರು ಹಿಡಿದಿಡುತ್ತಾರೆ.